ಮಿಸೆಲ್ಲಿನ ಇನ್ನೊಂದು ಗುಣ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಾಲೇಜುಗಳು ಬಿಡಬಾರದ ಪ್ರಯೋಗವೊಂದುಂಟೆಂಬುದು ನಮ್ಮ ಅಭಿಪ್ರಾಯ. ಸಾಬೂನಿನಂಥ ಅಣುಗಳು ನೀರಿನಲ್ಲಿ ಒಂದು ಮಿತಿಯನ್ನು ಮೀರಿದಾಗ ಬಾಲಗಳನ್ನು ಒಳಗಿಟ್ಟು ಗುಂಪುಗೂಡುತ್ತವೆ, ಇದೇ ಮಿಸೆಲ್. ಕೊಳೆ ತೆಗೆಯುವುದಷ್ಟೇ ಅದರ ಕೆಲಸವಲ್ಲ. ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣವು ಕಾಸ್ಟಿಕ್ ಸೋಡದ ದ್ರಾವಣದಲ್ಲಿ ಮೆಲ್ಲಗೆ ಅಳಿಯುವುದು. ಸೆಟ್ರಿಮೈಡಿನ ಧನ ಮಿಸೆಲ್ಲುಗಳಿದ್ದರೆ ಬೇಗನೆ ಅಳಿಯುತ್ತದೆ. ಶಾಂಪೂಗಳಲ್ಲಿ ಬಳಸುವ ಲಾರಿಲ್ ಸಲ್ಫೇಟಿನ ಋಣ ಮಿಸೆಲ್ಲುಗಳಿದ್ದರೆ ಬಹಳ ಹೊತ್ತು ನಿಲ್ಲುತ್ತದೆ. ಬಣ್ಣ ಎರಡಕ್ಕೂ ಅಂಟುವುದು. ಆದರೆ ಋಣ ವಿದ್ಯುದಂಶವುಳ್ಳ ಹೈಡ್ರಾಕ್ಸೈಡನ್ನು ಮೊದಲನೆಯದು ಸೆಳೆಯುತ್ತದೆ, ಎರಡನೆಯದು ತಳ್ಳುತ್ತದೆ. 1959ರಲ್ಲಿಯೇ ಪ್ರಕಟವಾದ ಸಂಗತಿಯಿದು.

2022ರಲ್ಲಿ ಎನ್.ಸಿ.ಇ.ಆರ್.ಟಿ.ಯು 12ನೆಯ ತರಗತಿಯಿಂದ, ಮಿಸೆಲ್ಲಿನ ಪಾಠವಿದ್ದ ಅಧ್ಯಾಯವನ್ನೇ ಕೈಬಿಟ್ಟಿತು. ಹೊರೆ ಇಳಿಸಿದುದು ಸರಿ. ಇದನ್ನೇ ಏಕೆ ಇಳಿಸಬೇಕಿತ್ತು? ಪ್ರಯೋಗಕ್ಕೆ ಮೂರು ನಳಿಕೆ, ಒಂದು ಗಡಿಯಾರ ಸಾಕು. ಸೋಡ ಮೈ ಸುಡುವುದಾದ್ದರಿಂದ ಉಪಾಧ್ಯಾಯರು ಬಳಿಯಲ್ಲಿರಲಿ.