ಸೌತ್ ಆರೇಂಜಿನ ಹುಲ್ಲಂಗಳ

ನಿಲ್ಕುಂದದ ಸೀಮೆಯವರಿಗೆ ಹುಲ್ಲಿನ ವಿಷಯವನ್ನು ಹೊಸದಾಗಿ ಹೇಳಿಕೊಡಬೇಕಾದ ಅವಶ್ಯಕತೆಯಿಲ್ಲ. ಮುಂಗಾರಿನ ಮೊದಲ ಹನಿಗಳೊಡನೆ ಬೇಣ ಚಿಗುರುವದು. ಮಳೆಗಾಲವೆಲ್ಲ ಬೆಳೆದು, ದೀಪಾವಳಿ ಕಳೆದ ಮೇಲೆ ಹೊಂಬಣ್ಣಕ್ಕೆ ತಿರುಗಿ ಕರಡವಾಗುವದು. ಅದನ್ನು ಕೊಯ್ದು, ಹೊರೆ ಕಟ್ಟಿ, ಕೊಟ್ಟಿಗೆಗೂ ತೋಟಕ್ಕೂ ಸಾಗಿಸುವ ಕೆಲಸದಲ್ಲಿ ಹೆಂಗಸರ ಪಾಲೇನೂ ಕಡಿಮೆಯದಲ್ಲ. ಇಂಥ ಹುಲ್ಲನ್ನು ದನಕ್ಕೂ ಹಾಕದೆ, ಗೊಬ್ಬರಕ್ಕೂ ಬಳಸದೆ, ಅರ್ಧ ಬೆರಳಗಲದಷ್ಟೇ ಎತ್ತರ ಉಳಿಯುವಂತೆ ದಿನವೂ ಕತ್ತರಿಸಿ, ಅದರ ಮೇಲೆ ಬಿಳಿಯ ಗೆರೆ ಎಳೆದು ಚೆಂಡಾಡುವ ಜನರೂ ಉಂಟೆಂದರೆ ನಮ್ಮ ಹಿರಿಯಜ್ಜಿಯರು ನಕ್ಕಾರು. ನಗಲಿ. ಆದರೆ ಅಂಥ ಒಂದು ಅಂಗಳದಲ್ಲಿ ಘಟಿಸಿದ ಸಂಗತಿಯನ್ನು ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡುವದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಲಾನ್ ಟೆನಿಸ್ ಎಂಬ ಈ ಆಟವು ಬಹು ಪುರಾತನವಾದುದೇನಲ್ಲ. ಇಂಗ್ಲೆಂಡಿನ ಲೆಮಿಂಗ್ಟನ್ ಎಂಬ ಪಟ್ಟಣದಲ್ಲಿ 1872ರಲ್ಲಿ ಇದರ ಮೊದಲನೆಯ ಕ್ಲಬ್ಬು ಹುಟ್ಟಿತು. 1877ರಲ್ಲಿ ವಿಂಬಲ್ಡನ್ನಿನ ಪಂದ್ಯಾಟ ಆರಂಭವಾಯಿತು. ಸ್ತ್ರೀಯರಿಗೆ ಅಲ್ಲಿ ಪ್ರವೇಶ ದೊರೆತದ್ದು ಮಾತ್ರ 1884ರಲ್ಲಿ. ಡಬ್ಲಿನ್ನಿನವರು ಅದಕ್ಕೂ ಐದು ವರ್ಷ ಮುಂಚೆಯೇ ಅವರಿಗೊಂದು ಪಂದ್ಯವನ್ನು ಏರ್ಪಡಿಸಿದ್ದರು. ಎಲ್ಲಕ್ಕಿಂತ ಪ್ರಸಿದ್ಧವಾದ ಸ್ಥಳದಲ್ಲಿಯೇ ಎಲ್ಲವೂ ಮೊದಲು ನಡೆಯುವದೆಂದು ತಿಳಿಯುವದು ಸರಿಯಲ್ಲ.

ಆಟವು ಅಮೇರಿಕೆಗೆ ಹೋದ ಮೇಲೆ ಅಲ್ಲಿಯ ಪೂರ್ವ ಕರಾವಳಿಯ ಸಣ್ಣ ಊರುಗಳಲ್ಲಿ ಹುಲ್ಲಂಗಳದ ಪಂದ್ಯಾಟಗಳು ಸಾಲಾಗಿ ಬೆಳೆದವು. ನ್ಯೂಜೆರ್ಸಿ ಪ್ರಾಂತದ ರಮ್ಸನ್ ಎಂಬ ಊರಿನಲ್ಲಿ 1884ರಿಂದ 1950ರ ವರೆಗೆ ನಡೆದ ಸೀಬ್ರೈಟ್ ಪಂದ್ಯಾಟವು ಅವುಗಳಲ್ಲೊಂದು. ಜಗತ್ಪ್ರಸಿದ್ಧಳಾದ ಹೆಲೆನ್ ವಿಲ್ಸ್ ಎಂಬಾಕೆಯನ್ನು 1926ರಲ್ಲಿ ಎಲಿಜಬೆತ್ ರಾಯನ್ ಸೋಲಿಸಿದ್ದು ಇಲ್ಲಿಯೇ. ಈ ರಾಯನ್ ವಿಂಬಲ್ಡನ್ನಿನಲ್ಲಿ ಜೋಡಿಯಾಟದ 19 ಪದವಿಗಳನ್ನು ಗಳಿಸಿದವಳು. ಒಂಟಿಯಾಟದ ದೊಡ್ಡ ಪದವಿ ಮಾತ್ರ ಅವಳ ಪಾಲಿಗೆ ಒಮ್ಮೆಯೂ ಬರಲಿಲ್ಲ. ಅಂಥವಳಿಗೂ ಒಂದು ಹಿರಿಯ ದಿನವನ್ನು ಕೊಟ್ಟದ್ದು ಒಂದು ಚಿಕ್ಕ ಊರಿನ ಅಂಗಳ.

ನಾನು ಮುಖ್ಯವಾಗಿ ಹೇಳಬೇಕೆಂದಿರುವದು ಅದೇ ಪ್ರಾಂತದ ಸೌತ್ ಆರೇಂಜ್ ಎಂಬ ಊರಿನ ಪಂದ್ಯಾಟವನ್ನು ಕುರಿತು. ಈಸ್ಟರ್ನ್ ಗ್ರಾಸ್ ಕೋರ್ಟ್ ಚಾಂಪಿಯನ್‌ಶಿಪ್ ಎಂಬ ಹೆಸರಿನಿಂದ 1927ರಲ್ಲಿ ನ್ಯೂಯಾರ್ಕ್ ಪ್ರಾಂತದ ರೈ ಎಂಬಲ್ಲಿ ಆರಂಭವಾದ ಇದು, ಎರಡನೆಯ ಮಹಾಯುದ್ಧದ ತರುವಾಯ ಸೌತ್ ಆರೇಂಜಿನ ಆರೇಂಜ್ ಲಾನ್ ಟೆನಿಸ್ ಕ್ಲಬ್ಬಿಗೆ ಬಂದು ನೆಲೆಸಿತು. ಅಮೇರಿಕೆಯ ರಾಷ್ಟ್ರೀಯ ಪಂದ್ಯಾಟವು ಫಾರೆಸ್ಟ್ ಹಿಲ್ಸಿನಲ್ಲಿ ಹುಲ್ಲಿನ ಮೇಲೆಯೇ ಜರುಗುತ್ತಿದ್ದುದರಿಂದ, ಅಲ್ಲಿಗೆ ಹೋಗುವವರು ಮೊದಲು ಇಂಥ ಊರುಗಳಲ್ಲಿ ಆಡಿ ಕೈ ಪಳಗಿಸಿಕೊಳ್ಳುತ್ತಿದ್ದರು. ಕೈ ಪಳಗಿಸಿಕೊಳ್ಳುವದಷ್ಟೇ ಅಲ್ಲ. ಇಲ್ಲಿ ಆಡಿ ತೋರಿಸದವರನ್ನು ರಾಷ್ಟ್ರೀಯ ಪಂದ್ಯಾಟದವರು ಕರೆಯುವದು ದುರ್ಲಭವಾಗಿತ್ತು. ಹೀಗಾಗಿ ಚಿಕ್ಕ ಕ್ಲಬ್ಬುಗಳು ದೊಡ್ಡ ಮನೆಯ ಹೆಬ್ಬಾಗಿಲನ್ನು ಕಾಯುವವರಂತೆ ಇದ್ದವು.

ಅಲ್ತಿಯಾ ಗಿಬ್ಸನ್ 1927ರಲ್ಲಿ ದಕ್ಷಿಣ ಕ್ಯಾರೊಲೈನಾದಲ್ಲಿ, ಹತ್ತಿಯ ಹೊಲದಲ್ಲಿ ದುಡಿಯುವವರ ಮನೆಯಲ್ಲಿ ಹುಟ್ಟಿದಳು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಬೆಳೆದಳು. ಅಲ್ಲಿಯ ಬೀದಿಯಲ್ಲಿಯೇ ಮರದ ಹಲಗೆಯಿಂದ ಚೆಂಡಾಡಲು ಕಲಿತಳು. ಕಪ್ಪು ಜನಾಂಗದವರು ತಮಗಾಗಿ 1916ರಲ್ಲಿ ಕಟ್ಟಿಕೊಂಡಿದ್ದ ಸಂಸ್ಥೆಯ ಸ್ತ್ರೀಯರ ಪದವಿಯನ್ನು 1947ರಿಂದ ಪ್ರತಿ ವರ್ಷವೂ ಗೆಲ್ಲುತ್ತ ಬಂದಳು. ಆದರೂ ಬಿಳಿಯರ ಹುಲ್ಲಂಗಳಗಳು ಅವಳಿಗೆ ಮುಚ್ಚಿಯೇ ಇದ್ದವು. 1950ರ ಜುಲೈ ತಿಂಗಳಲ್ಲಿ, ಹಿಂದಿನ ವಿಜೇತೆಯಾದ ಆಲಿಸ್ ಮಾರ್ಬಲ್ ಎಂಬಾಕೆ ಟೆನಿಸ್ ಪತ್ರಿಕೆಯೊಂದರಲ್ಲಿ ಬಹಿರಂಗ ಪತ್ರವನ್ನು ಬರೆದು, ಗಿಬ್ಸನ್ನಳನ್ನು ಹೊರಗಿಟ್ಟಿರುವದು ಆಟಕ್ಕೇ ನಾಚಿಕೆಗೇಡೆಂಬ ಅಭಿಪ್ರಾಯವನ್ನು ನಿರ್ಭಿಡೆಯಿಂದ ಪ್ರಕಟಿಸಿದಳು.

ಪತ್ರವನ್ನು ಎಲ್ಲರೂ ಓದಿದರು. ಅದರಿಂದ ಎಲ್ಲರ ಮನಸ್ಸೂ ಕರಗಿತೆನ್ನುವಂತಿರಲಿಲ್ಲ. ನ್ಯೂಜೆರ್ಸಿಯ ಪ್ರಾಂತೀಯ ಪಂದ್ಯಾಟವು ಮೇಪಲ್‌ವುಡ್ ಎಂಬ ಊರಿನಲ್ಲಿ ನಡೆಯುವದಿತ್ತು. ಗಿಬ್ಸನ್ನಳ ಅರ್ಜಿಯನ್ನು ಅವರು ತಿರಸ್ಕರಿಸಿದರು. ಅವಳ ಆಟದ ವಿಷಯವಾಗಿ ಸಾಕಷ್ಟು ಮಾಹಿತಿಯಿಲ್ಲವೆಂಬದು ಅವರು ಕೊಟ್ಟ ಕಾರಣ. ಮೇಪಲ್‌ವುಡ್ಡಿಗೆ ತಗಲಿಕೊಂಡೇ ಇರುವ ಊರು ಸೌತ್ ಆರೇಂಜ್. ಅಲ್ಲಿಯ ಕ್ಲಬ್ಬಿನವರು ಅವಳ ಅರ್ಜಿಯನ್ನು ಅಂಗೀಕರಿಸಿದರು. ಒಂದೇ ಬೇಸಿಗೆ, ಒಂದೇ ಹುಡುಗಿ, ನೆರೆಹೊರೆಯ ಎರಡು ಊರು. ಒಂದು ಊರಿನಲ್ಲಿ ಮಾಹಿತಿ ಸಾಲದಾಯಿತು, ಇನ್ನೊಂದರಲ್ಲಿ ಸಾಕಾಯಿತು!

ಆ ಪಂದ್ಯಾಟದಲ್ಲಿ ಅವಳು ಬಹಳ ಮುಂದಕ್ಕೇನೂ ಹೋಗಲಿಲ್ಲ. ಆದರೆ ಅದೇ ಆಗಸ್ಟ್ ತಿಂಗಳಲ್ಲಿ ಫಾರೆಸ್ಟ್ ಹಿಲ್ಸಿನಲ್ಲಿ ಆಡಲು ಅವಕಾಶ ದೊರೆಯಿತು. ಎರಡನೆಯ ಸುತ್ತಿನಲ್ಲಿ ವಿಂಬಲ್ಡನ್ ವಿಜೇತೆ ಲೂಯಿಸ್ ಬ್ರೌ ಎಂಬವಳ ಎದುರಿಗೆ ಕೊನೆಯ ಸೆಟ್ಟಿನಲ್ಲಿ 7–6ರಿಂದ ಮುಂದಿದ್ದಾಗ ಸಿಡಿಲು ಮಳೆ ಸುರಿದು ಆಟ ನಿಂತಿತು. ಮರುದಿನ 9–7ರಿಂದ ಸೋತಳು. ತರುವಾಯದ ಕಥೆ ಲೋಕಕ್ಕೆ ತಿಳಿದಿದೆ: 1956ರಲ್ಲಿ ಫ್ರಾನ್ಸಿನ ಪದವಿ, 1957 ಮತ್ತು 1958ರಲ್ಲಿ ವಿಂಬಲ್ಡನ್ನಿನದೂ ಅಮೇರಿಕೆಯದೂ. ನಡುವೆ 1955–56ರ ಚಳಿಗಾಲದಲ್ಲಿ ಅವಳು ನಮ್ಮ ದೇಶಕ್ಕೂ ಬಂದಿದ್ದಳು. ಯೆಹೂದಿಯೆಂಬ ಕಾರಣದಿಂದ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಉಪೇಕ್ಷೆಗೊಳಗಾಗಿದ್ದ ಆಂಜೆಲಾ ಬಕ್ಸ್‌ಟನ್ ಎಂಬವಳ ಸ್ನೇಹ ಅವಳಿಗಾದದ್ದು ಭಾರತದಲ್ಲಿಯೇ. ಮರುವರ್ಷ ಇವರಿಬ್ಬರೂ ಕೂಡಿ ವಿಂಬಲ್ಡನ್ನಿನ ಜೋಡಿಯಾಟವನ್ನು ಗೆದ್ದರು.

ಸೌತ್ ಆರೇಂಜಿನವರು ಮಾಡಿದ್ದು ದೊಡ್ಡದೇನು, ಅರ್ಜಿಯೊಂದನ್ನು ಸ್ವೀಕರಿಸಿದರಷ್ಟೇ ಎಂದು ಆಕ್ಷೇಪಿಸುವವರಿರಬಹುದು. ಮಾರ್ಬಲ್ಲಳ ಪತ್ರವಿಲ್ಲದಿದ್ದರೆ ಅದನ್ನೂ ಮಾಡುತ್ತಿದ್ದರೋ ಇಲ್ಲವೋ ಎಂಬ ಸಂಶಯವೂ ನ್ಯಾಯವಾದುದೇ. ಆದರೆ ಮೇಪಲ್‌ವುಡ್ಡಿನವರೂ ಅದೇ ಪತ್ರವನ್ನು ಓದಿದ್ದರಲ್ಲ! ಇಂಥ ಊರುಗಳ ಮಂಡಳಿಗಳಲ್ಲಿ ಕುಳಿತವರು ಸಾಮಾನ್ಯ ಗೃಹಸ್ಥರು, ನಮ್ಮ ಊರಿನ ಉತ್ಸವದ ಕಮಿಟಿಯವರಂತೆ. ಯಾರ ಹೆಸರು ಬರೆದುಕೊಳ್ಳಬೇಕು, ಯಾರದನ್ನು ಬಿಡಬೇಕೆಂಬ ಅವರ ತೀರ್ಮಾನವನ್ನು ವರ್ತಮಾನಪತ್ರಗಳು ಸಾಧಾರಣವಾಗಿ ಗಮನಿಸುವದಿಲ್ಲ. ಆದರೆ ಒಬ್ಬ ಹುಡುಗಿಯ ಆಯುಷ್ಯವು ಅದರ ಮೇಲೆಯೇ ನಿಲ್ಲುವದು.

ಆ ಪಂದ್ಯಾಟ ಈಗಿಲ್ಲ. 1968ರಿಂದ ಟೆನಿಸ್ಸಿನೊಳಗೆ ವೃತ್ತಿನಿರತರಿಗೂ ಪ್ರವೇಶವಾಗಿ ಹಣದ ಮಾತು ಮುಂದೆ ಬಂದಿತು. ಹುಲ್ಲನ್ನು ಕಾಪಾಡುವದು ಮೊದಲೇ ದುಬಾರಿ. 1975ರಲ್ಲಿ ಫಾರೆಸ್ಟ್ ಹಿಲ್ಸಿನವರೇ ಹುಲ್ಲನ್ನು ತೆಗೆದು ಮಣ್ಣಿನ ಅಂಗಳ ಮಾಡಿದ ಮೇಲೆ, ಅದಕ್ಕಾಗಿ ಹುಲ್ಲಿನ ಮೇಲೆ ಅಭ್ಯಾಸ ಮಾಡುವವರಾದರೂ ಯಾರು? ಸೌತ್ ಆರೇಂಜಿನ ಪಂದ್ಯಾಟವೂ ಮಣ್ಣಿಗೆ ಇಳಿಯಿತು. 1983ರ ತರುವಾಯ ನಿಂತೇ ಹೋಯಿತು. ಗಿಬ್ಸನ್ ತನ್ನ ಕೊನೆಯ ದಿನಗಳನ್ನು ಅಲ್ಲಿಗೆ ಸಮೀಪದ ಈಸ್ಟ್ ಆರೇಂಜಿನಲ್ಲಿಯೇ ಕಳೆದು 2003ರಲ್ಲಿ ತೀರಿಕೊಂಡಳು.

ನಮ್ಮವರ ವಿಷಯಕ್ಕೆ ಬಂದರೆ, ವಿಂಬಲ್ಡನ್ನಿನಲ್ಲಿ ಪಂದ್ಯವೊಂದನ್ನು ಗೆದ್ದ ಪ್ರಥಮ ಭಾರತೀಯ ಸ್ತ್ರೀ ಲೀಲಾ ರಾವ್. ಅದು 1934ರ ಮಾತು. ಅವರ ತಾಯಿ ಪಂಡಿತಾ ಕ್ಷಮಾ ರಾವ್ ಅವರು ಸಂಸ್ಕೃತದಲ್ಲಿ ಕಾವ್ಯ ಬರೆದವರು, ಸ್ವತಃ ಟೆನಿಸ್ ಆಟಗಾರ್ತಿಯೂ ಹೌದು. ಆಟಕ್ಕೆ ಹೋದರೆ ಹೆಣ್ಣುಮಕ್ಕಳ ವಿದ್ಯೆ ಕೆಡುವದೆಂಬ ಮಾತನ್ನು ನಮ್ಮಲ್ಲಿ ಇಂದಿಗೂ ಆಡುವವರಿದ್ದಾರೆ. ಅವರಿಗೆ ಈ ತಾಯಿ ಮಗಳ ಹೆಸರನ್ನು ಹೇಳಿ ಸುಮ್ಮನಾಗುವದು ಲೇಸು.

ನಿಲ್ಕುಂದದಂಥ ಮಳೆಯ ಸೀಮೆಯಲ್ಲಿ ಹುಲ್ಲಂಗಳವನ್ನು ಮಾಡಬೇಕೆಂದು ನಾನು ಹೇಳುವದಿಲ್ಲ. ಮಳೆಗಾಲದಲ್ಲಿ ಅದು ಗದ್ದೆಯಾದೀತು, ಬೇಸಿಗೆಯಲ್ಲಿ ಕರಡವಾದೀತು. ಆದರೆ ನಮ್ಮ ಗಂಡುಮಕ್ಕಳಿಗೆ ಊರೂರಿಗೆ ಪಂದ್ಯಾಟಗಳು ಉಂಟು, ಢಾಲುಗಳು ಉಂಟು. ಹೆಣ್ಣುಮಕ್ಕಳಾದರೋ ಶಾಲೆ ಬಿಟ್ಟ ದಿನವೇ ಆಟವನ್ನೂ ಬಿಡುತ್ತಾರೆ, ಬಿಡಿಸುವವರು ನಾವೇ. ಅಡಿಕೆಯ ಕೊಯ್ಲು, ಸುಲಿತ, ಒಣಗಿಸುವದು ಎಲ್ಲವೂ ಮುಗಿದು ಅಟ್ಟ ಬಿಚ್ಚಿದ ಮೇಲೆ ನಮ್ಮ ಮನೆಗಳ ಅಂಗಳಗಳು ಮಳೆ ಬೀಳುವ ತನಕ ಬರಿದಾಗಿರುತ್ತವೆ. ಟೆನಿಸ್ಸಿಗೆ ಬೇಕಾದ 78 ಅಡಿ ಉದ್ದ ಎಲ್ಲ ಅಂಗಳಗಳಲ್ಲಿ ಸಿಕ್ಕಲಾರದು. ಬ್ಯಾಡ್‌ಮಿಂಟನ್ನಿನ 44 ಅಡಿ ಉದ್ದ, 20 ಅಡಿ ಅಗಲ ದೊಡ್ಡ ಮನೆಗಳಲ್ಲಿ ಧಾರಾಳವಾಗಿ ಸಿಕ್ಕುವದು. ಸಗಣಿ ಸಾರಿಸಿದ ನೆಲದ ಮೇಲೆ ಸುಣ್ಣದ ಗೆರೆ ಎಳೆದರಾಯಿತು. ಸಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ನೆಲೆಸಿರುವ ಪೂರ್ವ ವಿದ್ಯಾರ್ಥಿನಿಯರು ನಾಲ್ಕಾರು ಜನ ಕೂಡಿದರೆ ಬರುವ ಬೇಸಿಗೆಯ ರಜೆಯಲ್ಲಿಯೇ, ಮೃಗಶಿರಾ ಮಳೆ ಹಿಡಿಯುವದರೊಳಗಾಗಿ, ಎರಡು ದಿನಗಳ ಪಂದ್ಯಾಟವೊಂದನ್ನು ಮುಗಿಸಬಹುದು. ಮದುವೆಯಾದವರೂ ಹೆಸರು ಕೊಡಬಹುದೆಂದು ಕರೆಯೋಲೆಯಲ್ಲಿ ಸ್ಪಷ್ಟವಾಗಿ ಬರೆಯತಕ್ಕದ್ದು. ಬರೆಯದಿದ್ದರೆ ಅವರು ಬರುವದಿಲ್ಲ.