ಕಡಲಲ್ಲಿ ಮುಳುಗಿದವರು ಘಟ್ಟ ಹತ್ತುವ ಮುನ್ನ

ಸೊಲ್ಲಾಪುರ ರಸ್ತೆಯನ್ನು ಹಿಡಿದು ಕಲಬುರಗಿ, ವಿಜಯಪುರ, ಬೀದರ ಜಿಲ್ಲೆಗಳಿಂದ ಬಂದು ಹಡಪಸರದಲ್ಲಿ ನೆಲೆನಿಂತ ಹಿರಿಯರಿಗೆ ನೀರೆಂದರೆ ಊರ ಬಾವಿ, ಕೆರೆ, ಹೆಚ್ಚೆಂದರೆ ಭೀಮಾ ಹೊಳೆ. ಅವರ ಮಕ್ಕಳಿಗೆ ಹಾಗಲ್ಲ. ಮಗರಪಟ್ಟಾದ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಯುವಕ ಯುವತಿಯರು ನಾಲ್ಕು ದಿನ ರಜೆ ಸಿಕ್ಕೊಡನೆ ಬೆನ್ನಿಗೆ ಚೀಲ ಏರಿಸಿ ಮಾಲವಣಕ್ಕೋ ಮುರುಡೇಶ್ವರಕ್ಕೋ ಅಂಡಮಾನಿಗೋ ಹೊರಡುತ್ತಾರೆ. ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲೊಳಗೆ ಮುಳುಗಿ ಹವಳವನ್ನೂ ಮೀನನ್ನೂ ನೋಡಿ ಬರುತ್ತಾರೆ. ತಾಯಿತಂದೆಗಳು ಬೇಡವೆನ್ನುತ್ತಾರೆ, ಮಕ್ಕಳು ನಕ್ಕು ಹೊರಡುತ್ತಾರೆ. ಈ ಜಗ್ಗಾಟದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದು ಕೇಳದೆಯೇ ಉಳಿದುಬಿಡುತ್ತದೆ: ಕೊನೆಯ ಸಲ ನೀರಿನಿಂದ ಎದ್ದಮೇಲೆ ಎಷ್ಟು ಗಂಟೆ ಕಳೆದು ಮನೆಯ ದಾರಿ ಹಿಡಿಯುವುದು?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಆರೋಗ್ಯದ ಗುಟ್ಟು ಇರುವುದು ಇಲ್ಲಿಯೇ. ನೀರಿನಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ದೇಹದ ಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಕರಗಿ ಕೂಡಿಕೊಳ್ಳುತ್ತದೆ. ಇದು ದೇಹವು ಪಡೆದ ಸಾಲವಿದ್ದಂತೆ. ಕಂತುಕಂತಾಗಿ ತೀರಿಸಿದರೆ ತೊಂದರೆಯಿಲ್ಲ. ಒಮ್ಮೆಲೇ ಒತ್ತಡ ಇಳಿದರೆ ಮಾತ್ರ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅದು ಗುಳ್ಳೆಗಳಾಗಿ ಹೊಮ್ಮಿ, ಕೀಲುಗಳಲ್ಲಿ ನೋವನ್ನೂ ಚರ್ಮದಲ್ಲಿ ತುರಿಕೆಯನ್ನೂ, ಕೆಲವೊಮ್ಮೆ ಕೈಕಾಲುಗಳಲ್ಲಿ ಜೋಮನ್ನೂ ಶಕ್ತಿಹೀನತೆಯನ್ನೂ ತರುತ್ತದೆ. ಬ್ರಿಟಿಷ್ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಮೇಕೆಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕ್ರಮವನ್ನು 1908ರಲ್ಲಿ ಪ್ರಕಟಿಸಿದರು. ಇಂದಿಗೂ ಮುಳುಗುಗಾರರು ಮೇಲೆ ಬರುವಾಗ 5 ಮೀಟರ್ ಆಳದಲ್ಲಿ 3 ನಿಮಿಷ ತಡೆದು ನಿಲ್ಲುವುದು ಈ ವಿಚಾರದ ಫಲವೇ.

ನೀರಿನಿಂದ ಹೊರಬಂದೊಡನೆ ಈ ಸಾಲ ಪೂರ್ತಿ ತೀರುವುದಿಲ್ಲ. ಆದ್ದರಿಂದಲೇ ವಿಮಾನ ಏರುವ ಮುನ್ನ, ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕೆಂದು ತಜ್ಞರು ವಿಧಿಸಿದ್ದಾರೆ. ಪೂರ್ಣ 24 ಗಂಟೆ ಕಾಯುವುದು ಇನ್ನೂ ಕ್ಷೇಮ. ವಿಮಾನದ ಮಾತನ್ನು ಬಹುತೇಕರು ಕೇಳಿಯೇ ಇರುತ್ತಾರೆ. ಪುಣೆಯವರು ಮರೆಯುವುದು ಘಟ್ಟವನ್ನು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಮಾಲವಣದಿಂದ ಘಟ್ಟ ಹತ್ತಿ ಸಾತಾರಾದ ಮೇಲೆ ಬಂದರೆ ಅಲ್ಲಿಯ ಎತ್ತರ ಸುಮಾರು 700 ಮೀಟರ್. ರೈಲಿನಲ್ಲಿ ಬಂದರೆ ಲೋಣಾವಳೆ 600 ಮೀಟರಿಗೂ ಮಿಗಿಲು. ವಿಮಾನದ ಒಳಗಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಸೂಚನೆಗಳು ಅನ್ವಯವಾಗುವುದೇ ಸುಮಾರು 600 ಮೀಟರ್ ಎತ್ತರದಿಂದ. ರವಿವಾರ ಮಧ್ಯಾಹ್ನ ಮುಳುಗಿ ಎದ್ದವರು ಸಂಜೆಯ ಬಸ್ಸು ಹಿಡಿದರೆ ಆ ರಾತ್ರಿಯೇ ಅಷ್ಟು ಎತ್ತರ ಏರಿರುತ್ತಾರೆ. ಒಮ್ಮೆ ಐದಾರು ಮೀಟರ್ ಇಳಿದು ಬಂದವರಿಗೆ ಅಪಾಯ ಅಲ್ಪವೇ ಸರಿ. ಆದರೆ ಎರಡು ದಿನ ನೇತ್ರಾಣಿಯ ಸುತ್ತ ಆಳಕ್ಕಿಳಿದವರಿಗೆ ಹಾಗೆನ್ನಲಾಗದು. ವಿಮಾನದ ನಿಯಮವನ್ನೇ ಘಟ್ಟದ ದಾರಿಗೂ ಅನ್ವಯಿಸಿಕೊಳ್ಳುವುದು ವಿವೇಕ.

ಇದರಲ್ಲಿ ಇನ್ನೊಂದು ಮೋಸವೂ ಉಂಟು. ರಾತ್ರಿ ಬಸ್ಸಿನಲ್ಲಿ ಮುದುಡಿ ಕುಳಿತು ಬಂದವರಿಗೆ ಬೆಳಿಗ್ಗೆ ಭುಜ ನೋಯುವುದು, ಕಾಲು ಜೋಮು ಹಿಡಿಯುವುದು, ಮೈ ಭಾರವಾಗುವುದು ಸಹಜವೆನಿಸುತ್ತದೆ. ಸಾರಜನಕದ ಬಾಧೆಯ ಲಕ್ಷಣಗಳೂ ಇವೇ. ಮಾತ್ರೆ ನುಂಗಿ ಕೆಲಸಕ್ಕೆ ಹೋದರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಮುಳುಗಿ ಬಂದ ಒಂದೆರಡು ದಿನಗಳೊಳಗೆ ಇಂಥದೇನಾದರೂ ಕಂಡರೆ ವೈದ್ಯರಲ್ಲಿಗೆ ಹೋಗಿ ಮೊದಲ ಮಾತಾಗಿಯೇ ತಾವು ಕಡಲಲ್ಲಿ ಮುಳುಗಿದ್ದನ್ನು ಹೇಳಬೇಕು. ಕಡಲಿನಿಂದ ಇಷ್ಟು ದೂರದ ಊರಿನಲ್ಲಿ ರೋಗಿ ತಾನಾಗಿ ಹೇಳದ ಹೊರತು ವೈದ್ಯರಿಗೆ ಆ ಸಂದೇಹ ಬರುವುದು ಕಷ್ಟ. ಶುದ್ಧ ಆಮ್ಲಜನಕ ಕೊಡುವುದು ಮೊದಲ ಉಪಚಾರ. ಒತ್ತಡ ಕೋಣೆಯಲ್ಲಿ ನಡೆಸುವ ಚಿಕಿತ್ಸೆಯೇ ಮುಖ್ಯವಾದುದು.

ಹಾಗಾದರೆ ಪ್ರವಾಸವನ್ನೇ ಬಿಡಬೇಕೆ? ಖಂಡಿತ ಬೇಡ. ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹೆಣೆಯಬೇಕು, ಅಷ್ಟೇ. ಅಂಡಮಾನಿನ ಸ್ವರಾಜ್ ದ್ವೀಪವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2018ರವರೆಗೆ ಅದರ ಹೆಸರು ಹ್ಯಾವ್‌ಲಾಕ್. 2024ರಲ್ಲಿ ಶ್ರೀ ವಿಜಯಪುರವೆಂದು ಹೆಸರು ಪಡೆದ ಪೋರ್ಟ್ ಬ್ಲೇರಿನಿಂದ ಹಡಗಿನಲ್ಲಿ ಅಲ್ಲಿಗೆ ಹೋಗಬೇಕು. ನೇತ್ರಾಣಿಗೆ ಮುರುಡೇಶ್ವರದಿಂದ ದೋಣಿಯಿಲ್ಲದೆ ಗತಿಯಿಲ್ಲ. ಸ್ವರಾಜ್ ದ್ವೀಪದಲ್ಲಿ ನೀಮೋ ರೀಫ್‌ನಂಥ ಕಡೆ ದಡದಿಂದ ನಡೆದೇ ನೀರಿಗಿಳಿಯಬಹುದು. ಕೆರಿಬಿಯನ್ ಕಡಲಿನ ಬೊನೇರ್ ದ್ವೀಪದಲ್ಲಿ ಇಂಥ ಮುಳುಗಿಗೆ ಜನ ಬಾಡಿಗೆ ವಾಹನದಲ್ಲಿ ಸಿಲಿಂಡರು ಹೇರಿಕೊಂಡು ದಡದಿಂದ ದಡಕ್ಕೆ ಸುತ್ತುತ್ತಾರೆ. ಕಾರಿಲ್ಲದ ಪ್ರವಾಸಿಗೆ ಅದು ಸಲ್ಲದು. ಸಿಲಿಂಡರು, ಸೀಸದ ತೂಕ, ಉಳಿದ ಸಾಮಗ್ರಿ ಸೇರಿ 20 ಕಿಲೋ ಮೀರುತ್ತದೆ. ಆದ್ದರಿಂದ ಮುಳುಗು ಕಲಿಸುವ ಕೇಂದ್ರಕ್ಕೆ ನಡೆದುಹೋಗುವಷ್ಟು ಹತ್ತಿರ ಕೋಣೆ ಹಿಡಿದು, ಸಾಮಗ್ರಿಯನ್ನು ಅಲ್ಲಿಯೇ ಬಾಡಿಗೆಗೆ ಪಡೆದು, ಕಣ್ಣಿಗೆ ಕಟ್ಟುವ ಮಾಸ್ಕ್ ಒಂದನ್ನು ಮಾತ್ರ ಮನೆಯಿಂದ ಒಯ್ಯುವುದು ಲೇಸು. ಒಂದೇ ದಡವನ್ನು ಮೂರು ದಿನ ನೋಡಿದವರು ಆರು ದಡಗಳಿಗೆ ಓಡಿದವರಿಗಿಂತ ಹೆಚ್ಚು ಕಂಡಿರುತ್ತಾರೆ.

ದಡದಿಂದ ಇಳಿಯುವವರಿಗೆ ಉಬ್ಬರವಿಳಿತವೇ ಗಡಿಯಾರ. ನೀರು ತೀರ ಇಳಿದಾಗ ಹವಳದ ಮೇಲೆ ನಡೆದರೆ ಹವಳವೂ ಮುರಿಯುತ್ತದೆ, ಕಾಲೂ ಸೀಳುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಡುಗೆಮನೆಯ ಗೋಡೆಯ ಪಂಚಾಂಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಸೆಳೆತವಿದ್ದರೆ ಸ್ಥಳೀಯ ಮಾರ್ಗದರ್ಶಕರ ಮಾತೇ ಅಂತಿಮ. ಮೊಸಳೆಯ ಎಚ್ಚರಿಕೆಯ ಫಲಕಗಳನ್ನೂ ಹಗುರವಾಗಿ ಕಾಣಬಾರದು. 2010ರಲ್ಲಿ ಇದೇ ದ್ವೀಪದಲ್ಲಿ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು.

ಏಳು ದಿನಗಳ ರಜೆಯಿದ್ದರೆ ಲೆಕ್ಕ ಹೀಗಿರಲಿ. ಮೊದಲ ದಿನ ಶ್ರೀ ವಿಜಯಪುರ. ಎರಡನೆಯ ದಿನ ಹಡಗು ಮತ್ತು ವಿಶ್ರಾಂತಿ. ಮೂರು, ನಾಲ್ಕು, ಐದನೆಯ ದಿನಗಳು ಕಡಲಿಗೆ. ಆರನೆಯ ದಿನ ನೀರಿಗೆ ಇಳಿಯದೆ ಹಡಗಿನಲ್ಲಿ ಮರಳುವುದು. ಏಳನೆಯ ದಿನ ವಿಮಾನ. ಆ ಆರನೆಯ ದಿನವನ್ನು ಯಾರೂ ಮುಟ್ಟಕೂಡದು. ಅಲೆ ಎದ್ದು ಹಡಗು ರದ್ದಾದರೆ ಕಡಲಿನ ಒಂದು ದಿನವನ್ನು ಬಿಡಬೇಕೇ ಹೊರತು ಬಿಡುವಿನ ದಿನವನ್ನಲ್ಲ. ಮಾಲವಣ, ಮುರುಡೇಶ್ವರಗಳಿಗೆ ಹೋಗುವವರೂ ಶನಿವಾರವೇ ಮುಳುಗು ಮುಗಿಸಿ, ರವಿವಾರ ಹಗಲನ್ನು ದಡದಲ್ಲಿಯೇ ಕಳೆದು ರಾತ್ರಿ ಹೊರಡಲಿ.

ಇಷ್ಟು ಹೇಳಿದ ಮೇಲೆ ಆಕ್ಷೇಪವೊಂದು ಉಳಿಯುತ್ತದೆ. ಸಾವಿರಾರು ರೂಪಾಯಿ ವೆಚ್ಚಮಾಡಿ ಹೋದವರು ಒಂದು ದಿನವನ್ನು ಸುಮ್ಮನೆ ಕಳೆಯುವುದು ನಷ್ಟವಲ್ಲವೇ ಎಂದು ಯುವಕರು ಕೇಳುತ್ತಾರೆ. ನಷ್ಟವೇ; ಆದರೆ ಅದು ಎಣಿಸಬಹುದಾದ ನಷ್ಟ. ಎಣಿಕೆಗೆ ಸಿಗದ ನಷ್ಟವನ್ನು ತಪ್ಪಿಸಲು ತೆರುವ ಬೆಲೆ ಅದು.

ಹಿರಿಯರೂ ತಮ್ಮ ಮಾತಿನ ಧಾಟಿಯನ್ನು ಬದಲಿಸಿಕೊಳ್ಳಬೇಕು. ಬೇಡವೆಂದಷ್ಟೇ ಹೇಳಿದರೆ ಮಕ್ಕಳು ಹೇಳದೆ ಹೋಗುವುದನ್ನು ಕಲಿಯುತ್ತಾರೆ. ಅದರ ಬದಲು ನಾಲ್ಕು ಪ್ರಶ್ನೆ ಕೇಳಲಿ: ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗಗಳೇನೂ ಇಲ್ಲವೆಂದು ವೈದ್ಯರು ನೋಡಿದ್ದಾರೆಯೇ? ನೆಗಡಿಯಿಂದ ಮೂಗು ಕಿವಿ ಕಟ್ಟಿದ್ದರೆ ಮುಳುಗನ್ನು ಕೈಬಿಡಲು ಸಿದ್ಧರಿದ್ದೀರಾ? ಹತ್ತಿರದ ಒತ್ತಡ ಕೋಣೆ ಎಲ್ಲಿದೆ, ರಾತ್ರಿ ಅಲ್ಲಿಗೆ ಸೇರುವ ಬಗೆ ಹೇಗೆ? ಕೊನೆಯ ಮುಳುಗಿಗೂ ಮರಳುವ ಪಯಣಕ್ಕೂ ನಡುವೆ ಎಷ್ಟು ಗಂಟೆ? ಇವಕ್ಕೆ ಸರಿಯಾದ ಉತ್ತರ ಬಂದರೆ ಬುತ್ತಿ ಕಟ್ಟಿ ಸಂತೋಷದಿಂದ ಕಳಿಸಿಕೊಡಲಿ. ಬಯಲುನಾಡಿನ ಮಕ್ಕಳು ಕಡಲೊಳಗಿನ ಲೋಕವನ್ನು ಕಂಡು ಬಂದು ಮನೆಯಲ್ಲಿ ಕುಳಿತು ಬಣ್ಣಿಸುವುದು ಕೇಳುವವರ ಭಾಗ್ಯವೂ ಹೌದು. ಅವರು ಒಂದು ದಿನ ತಡವಾಗಿ ಬಂದರೂ ಚಿಂತೆಯಿಲ್ಲ, ಆರೋಗ್ಯವಾಗಿ ಬಂದರೆ ಸಾಕು.