ಚಿತ್ರ ಮೊದಲೋ, ಮದ್ದು ಮೊದಲೋ

1989ರಲ್ಲಿ ಎಚ್‌ಐವಿಯ ಪ್ರೋಟಿಯೇಸ್ ಎಂಬ ಕಿಣ್ವದ ಆಕಾರ ಎಕ್ಸ್-ರೇ ಸ್ಫಟಿಕಶಾಸ್ತ್ರದಿಂದ ಬಯಲಾಯಿತು. ತಲಾ 99 ಅಮೈನೊ ಆಮ್ಲಗಳ ಎರಡು ತದ್ರೂಪಿ ಸರಪಳಿಗಳು, ನಡುವೆ ಒಂದು ಸಂದು. ವೈರಸ್ ತನ್ನ ಉದ್ದನೆಯ ಪ್ರೋಟೀನನ್ನು ಕತ್ತರಿಸಿಕೊಳ್ಳುವುದು ಅಲ್ಲಿಯೇ. ಆ ಸಂದನ್ನು ಮುಚ್ಚುವ ಅಣುವಿಗಾಗಿ ಆಗಲೇ ನಡೆದಿದ್ದ ಹುಡುಕಾಟಕ್ಕೆ ಈ ಚಿತ್ರ ದಿಕ್ಕು ತೋರಿಸಿತು. 1995ರ ಕೊನೆಗೆ ಸಕ್ವಿನಾವಿರ್, ಮರುವರ್ಷ ರಿಟೊನಾವಿರ್, ಇಂಡಿನಾವಿರ್ ಅಮೆರಿಕದಲ್ಲಿ ಮಂಜೂರಾದವು. ಬೇರೆ ಔಷಧಗಳ ಜೊತೆ ಇವನ್ನು ಕೊಡತೊಡಗಿದ ಮೇಲೆ ಅಲ್ಲಿ ಏಡ್ಸ್ ಸಾವುಗಳು ಇಳಿದವು.

ವೈರಸ್ ಸುಮ್ಮನಿರಲಿಲ್ಲ. ಕಿಣ್ವದ ಅಮೈನೊ ಆಮ್ಲಗಳನ್ನು ಬದಲಿಸಿ ಮದ್ದಿನಿಂದ ತಪ್ಪಿಸಿಕೊಂಡಿತು. ಚಿತ್ರದ ಬೆಲೆ ನನಗೆ ಹೆಚ್ಚು ಮನವರಿಕೆಯಾಗುವುದು ಇಲ್ಲಿ. ರಸಾಯನಶಾಸ್ತ್ರಜ್ಞ ಅರುಣ್ ಘೋಷ್ ಮತ್ತವರ ತಂಡ ಅಮೈನೊ ಆಮ್ಲಗಳ ಬದಲಾಗುವ ಕವಲುಗಳನ್ನು ಬಿಟ್ಟು, ಸರಪಳಿಯ ಬೆನ್ನೆಲುಬನ್ನೇ ಬಿಗಿಯಾಗಿ ಹಿಡಿಯುವ ಅಣುವನ್ನು ರೂಪಿಸಿತು. ಅದೇ 2006ರಲ್ಲಿ ಮಂಜೂರಾದ ಡರುನಾವಿರ್. ಆಕಾರ ಕಾಣದೆ ಇಂಥ ಯೋಚನೆ ಹೊಳೆಯುವುದು ಕಷ್ಟ.

ಕ್ಷಯದ ಕಥೆ ಇದಕ್ಕೆ ತದ್ವಿರುದ್ಧ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ನಮ್ಮಲ್ಲೂ ಬಳಸುವ ಬೆಡಾಕ್ವಿಲಿನ್ ಸಿಕ್ಕಿದ್ದು, ಕ್ಷಯಾಣುವಿನ ನಿರುಪದ್ರವಿ ಬಂಧುವೊಂದನ್ನು ಬೆಳೆಸಿ, ಯಾವ ರಾಸಾಯನಿಕ ಅದನ್ನು ತಡೆಯುತ್ತದೆಂದು ಒಂದೊಂದಾಗಿ ಪರೀಕ್ಷಿಸಿದಾಗ. ಯಾವ ಪ್ರೋಟೀನಿನ ಚಿತ್ರವೂ ಅದಕ್ಕೆ ಆಧಾರವಾಗಿರಲಿಲ್ಲ. ಮದ್ದನ್ನು ತಾಳಿಕೊಂಡ ಬ್ಯಾಕ್ಟೀರಿಯಾಗಳ ವಂಶವಾಹಿ ಓದಿದ ಮೇಲಷ್ಟೇ ಪೆಟ್ಟು ಬಿದ್ದದ್ದು ಶಕ್ತಿ ತಯಾರಿಸುವ ಎಟಿಪಿ ಸಿಂಥೇಸ್‌ಗೆ ಎಂದು ಗೊತ್ತಾಯಿತು. ಅಲ್ಲಿಗೆ ಪೆಟ್ಟು ಕೊಡಬಹುದೆಂದು ಚಿತ್ರ ಮುಂದಿಟ್ಟುಕೊಂಡವರು ಊಹಿಸುತ್ತಿದ್ದರೇ ಎಂಬುದು ನನ್ನ ಅನುಮಾನ. ಮದ್ದು ಮಂಜೂರಾದದ್ದು 2012ರಲ್ಲಿ. ಇಡೀ ಕಿಣ್ವದಲ್ಲಿ ಅದು ಎಲ್ಲೆಲ್ಲಿ ಕೂರುತ್ತದೆಂದು ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕ (ಕ್ರಯೋ-ಇಎಂ) ತೋರಿಸಿದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಚಿತ್ರಕ್ಕೆ ಇನ್ನೊಂದು ಮಿತಿಯೂ ಇದೆ. ಜೀವಕೋಶದಲ್ಲಿ ಸದಾ ಅಲುಗುವ ಪ್ರೋಟೀನನ್ನು ಅದು ಒಂದೆರಡು ಭಂಗಿಗಳಲ್ಲಿ ಹಿಡಿಯುತ್ತದೆ. ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಊಹಿಸುವ ರಚನೆಗಳಿಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಗುಳಿಗೆ ಕರುಳಿನಲ್ಲಿ ಹೀರಲ್ಪಡುತ್ತದೆಯೇ, ಯಕೃತ್ತು ಅದನ್ನು ಒಡೆದುಹಾಕುತ್ತದೆಯೇ ಎಂಬುದಕ್ಕೆ ಗುರಿಯ ಚಿತ್ರದಲ್ಲಿ ಉತ್ತರವಿಲ್ಲ. ಬೆಡಾಕ್ವಿಲಿನ್ ಹೃದಯದ ಲಯವನ್ನು ಏರುಪೇರು ಮಾಡಬಲ್ಲದು. ಅದಕ್ಕೇ ರೋಗಿಗಳ ಇಸಿಜಿ ನೋಡುತ್ತಿರಬೇಕು.

ಗುರಿ ಖಚಿತವಾಗಿರುವಲ್ಲಿ, ರೋಗಾಣು ಮದ್ದಿಗೆ ಒಗ್ಗಿಕೊಂಡಿರುವಲ್ಲಿ ನಾನು ಚಿತ್ರದ ಪರ. ಯಾವುದಕ್ಕೆ ಗುರಿಯಿಡಬೇಕೆಂದೇ ತಿಳಿಯದಿದ್ದಾಗ ಬ್ಯಾಕ್ಟೀರಿಯಾ ಬೆಳೆಸಿ ಕಾಯುವವರ ಪರ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ಆವರಣದಲ್ಲಿ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರವಿರುವುದು ಹೆಮ್ಮೆಯ ಸಂಗತಿ. ಅಂಥ ಯಂತ್ರಗಳಿಗೆ ಕೋಟಿಗಟ್ಟಲೆ ಹಣ ಕೊಡುವವರು, ಜೀವಂತ ಕ್ಷಯಾಣುವಿನ ಮೇಲೆ ಸಾವಿರಾರು ಅಣುಗಳನ್ನು ಪರೀಕ್ಷಿಸುವ ಸುರಕ್ಷಿತ ಪ್ರಯೋಗಾಲಯಗಳಿಗೂ ಅಷ್ಟೇ ಧಾರಾಳವಾಗಿ ಕೊಡಬೇಕು.